ಮಂಜೂರಾದ ಪ್ರತಿಯ ಅಂಚಿನಲ್ಲಿ

ಕೊಪ್ಪಳ
ಗುರುವಾರ, ೨೧ ಫೆಬ್ರುವರಿ ೧೯೪೬

ನಾನು ಎತ್ತಿ ಆಡಿಸಿದ ತಂಗಿ ಕಳಕಮ್ಮನಿಗೆ ಅಕ್ಕ ಪಾರ್ವತೆಮ್ಮ ಬರೆಯುವುದೇನೆಂದರೆ,

ನಾನು ಮೂರ್ಛೆ ಹೋಗಲಿಲ್ಲ. ನಮ್ಮ ಕಾಕಾನ ಮಗ ದೇವೇಂದ್ರಪ್ಪ ಕಳೆದ ಶುಕ್ರವಾರದ ನಾಟಕವಾಚನದ ವಿಷಯವಾಗಿ ನಿನಗೆ ಯಲಬುರ್ಗಿಗೆ ಕಾಗದ ಹಾಕಿದ್ದಾನೆ. ಅಕ್ಕ ನಡುಸಭೆಯಲ್ಲಿ ಮೂರ್ಛೆ ಬಿದ್ದಳು, ಎದ್ದ ಮೇಲೆ ನಿನ್ನ ಮಗ ಕೊಟ್ರಪ್ಪನ ನಾಟಕವನ್ನು ಕಸಿದು ಹರಿದಳು, ಅವನನ್ನು ಮನೆಹಾಳನೆಂದು ಬೈದು ಹೊರಟುಹೋದಳು ಎಂದು ಅದರಲ್ಲಿ ಬರೆದಿರುವುದಾಗಿ ಅವನೇ ಬಂದು ನನಗೆ ತಿಳಿಸಿದ. ಮೂರೂ ತಪ್ಪು. ನನ್ನ ಕನ್ನಡಕ ಕೆಳಗೆ ಬಿತ್ತು, ಅದನ್ನು ಎತ್ತಿಕೊಳ್ಳಲು ಬಗ್ಗಿದೆ. ಬಗ್ಗಿದವಳಿಗೆ ಏಳುವುದು ತುಸು ತಡವಾಯಿತು. ಹರಿಯುವ ಮಾತಂತೂ ದೂರವೇ ಉಳಿಯಿತು, ಏಕೆಂದರೆ ಆ ಹಾಳೆಗಳ ಮೇಲೆ ಸರಕಾರದ ಮೊಹರು ಇತ್ತು. ಮನೆಹಾಳ ಎಂಬ ಶಬ್ದವನ್ನು ನಾನು ಈ ಜನ್ಮದಲ್ಲಿ ಬಳಸಿದವಳಲ್ಲ. ದೇವೇಂದ್ರಪ್ಪನಾದರೋ ಆಗ ಒಳಗೆ ಇರಲೇ ಇಲ್ಲ. ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಗದ್ದಲ ಕೇಳಿ ಬಾಗಿಲಿಗೆ ಬಂದವನು ನನ್ನ ಬಗ್ಗಿದ ಬೆನ್ನನ್ನಷ್ಟೇ ಕಂಡ. ಉಳಿದುದನ್ನು ತಾನೇ ತುಂಬಿಕೊಂಡ.

ಕ್ಷೇಮವನ್ನು ಕೇಳುವ ಮೊದಲೇ ವಿಷಯಕ್ಕೆ ಕೈಹಾಕಿದ ಪತ್ರ ನನ್ನ ಬದುಕಿನಲ್ಲಿ ಇದೊಂದೇ. ನನ್ನ ಮನಸ್ಸು ಎಷ್ಟು ಕದಡಿದೆ ಎಂಬುದನ್ನು ನೀನು ಇದರಿಂದಲೇ ತಿಳಿ. ನಿನ್ನ ಮೊಣಕಾಲ ನೋವು ಹೇಗಿದೆ? ಬಿಸಿ ಉಪ್ಪಿನ ಕಾವು ಕೊಡುತ್ತಿದ್ದೀಯೋ, ಇಲ್ಲವೋ? ನಿನ್ನ ಯಜಮಾನರು ತೀರಿಕೊಂಡ ಈ ಎರಡು ವರ್ಷಗಳಲ್ಲಿ ನೀನು ನನಗೆ ಬರೆದ ಕಾಗದಗಳಲ್ಲಿ ಒಂದರಲ್ಲೂ ನಿನ್ನ ಕಷ್ಟವನ್ನು ಹೇಳಿಕೊಂಡಿಲ್ಲ. ಹೋದ ತಿಂಗಳ ಕಾಗದ ಒಂದನ್ನು ಬಿಟ್ಟು. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಬರಲು ನನಗೆ ಧೈರ್ಯ ಬೇಕು. ನಾನು ಊಟ ಮಾಡುತ್ತಿದ್ದೇನೆ, ರೊಟ್ಟಿ ಬಿಟ್ಟು ಅಂಬಲಿ ಕುಡಿಯುತ್ತೇನೆ. ನಿನ್ನ ಮಗ ಕ್ಷೇಮವಾಗಿದ್ದಾನೆ, ನನ್ನ ಮನೆಯಲ್ಲಿಯೇ ಇದ್ದಾನೆ.

ಈಗ ನಡೆದುದನ್ನು ನಡೆದಂತೆ ಬರೆಯುತ್ತೇನೆ. ಇಲ್ಲಿಯ ಹೈಸ್ಕೂಲಿನ ಹುಡುಗರು ಮೂವರು ಕನ್ನಡದಲ್ಲಿ ನಾಟಕ ಬರೆದರು. ಪಾಠವೆಲ್ಲ ಉರ್ದುವಿನಲ್ಲಿ, ಮನೆಯ ಮಾತು ಮಾತ್ರ ಕನ್ನಡ. ಹೀಗಿದ್ದೂ ಬರೆದರಲ್ಲ ಎಂದು ನನಗೆ ಅಭಿಮಾನವಾಯಿತು. ಆಡಿ ತೋರಿಸೋಣವೆಂದರೆ ಇಜಾಜತ್ತು ಸಿಗಲಿಲ್ಲ. ಬಣ್ಣ ಹಚ್ಚಿ, ಪರದೆ ಕಟ್ಟಿ, ಜನ ಸೇರಿಸಿ ಆಡುವುದಕ್ಕೆ ಈಗಿನ ದಿನಗಳಲ್ಲಿ ಕಚೇರಿಯವರು ಹೂಂ ಅನ್ನುವುದಿಲ್ಲ. ಆಗ ಡ್ರಾಯಿಂಗ್ ಕಲಿಸುವ ರಾಜಾಸಾಬ ಮಾಸ್ತರರು ಒಂದು ಉಪಾಯ ಹೂಡಿದರು. ಹುಡುಗರು ಬಾಕಿನ ಮೇಲೆ ಸಾಲಾಗಿ ಕುಳಿತು, ಯಾವ ಪಾತ್ರವನ್ನು ಯಾರು ಎಂದು ಹಂಚಿಕೊಂಡು, ಹಾಳೆ ನೋಡಿ ಓದುವುದು. “ಇದು ನಾಟಕ ಅಲ್ರೀ ಸಾಹೇಬ, ಓದೂದು. ಓದೂದು ಗುನ್ಹೆ ಆದ್ರ ಸಾಲಿ ಯಾಕ ಇಟ್ಟೀರಿ” ಎಂದು ಕಚೇರಿಯಲ್ಲಿ ಕೇಳಿದರಂತೆ. ಒಪ್ಪಿಗೆ ಬಂತು, ಆದರೆ ಒಂದು ಕರಾರಿನೊಂದಿಗೆ: ಪ್ರತಿಯೊಂದು ಹಾಳೆಗೂ ಕಚೇರಿಯ ಮೊಹರು ಬೀಳಬೇಕು, ಮೊಹರು ಬಿದ್ದ ಹಾಳೆಯಲ್ಲಿ ಇರುವುದನ್ನು ಬಿಡುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ, ಪೊಲೀಸ್ ಠಾಣೆಯ ಅಮೀನ ಸಾಹೇಬರು ಮುಂದೆ ಕುಳಿತಿರುತ್ತಾರೆ.

ಮಾಸ್ತರರು ಇನ್ನೊಂದು ಕಟ್ಟುನಿಟ್ಟು ಮಾಡಿದ್ದರು. ಯಾವ ನಾಟಕ ಯಾರದೆಂದು ಕೊನೆಯವರೆಗೆ ಹೇಳಕೂಡದು. ಅದಕ್ಕಾಗಿ ಮೂರನ್ನೂ ತಮ್ಮ ಕೈಯಿಂದಲೇ ನಕಲು ಮಾಡಿದರು. “ಬರದಾಂವ ಯಾರಂತ ಗೊತ್ತಾದ್ರ ಮಂದಿ ನಾಟಕ ಕೇಳೂದಿಲ್ರೀ ಅಕ್ಕೋರ, ಮನಿತನ ಕೇಳ್ತಾರ” ಎಂದರು. ಆ ನಕಲುಗಳನ್ನು ಭಾಷೆ ತಿದ್ದಿಕೊಡಿರೆಂದು ನನ್ನಲ್ಲಿಗೆ ತಂದರು. ನಿವೃತ್ತಳಾದ ಮೇಲೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಎಂಟು ದಿನ ಕುಳಿತು ಕೆಂಪು ಮಸಿಯಲ್ಲಿ ತಿದ್ದಿದೆ. ಅಂಚಿನಲ್ಲಿ ಅಲ್ಲಲ್ಲಿ ಅಭಿಪ್ರಾಯ ಬರೆದೆ. ಮತ್ತೊಮ್ಮೆ ನಕಲು ಮಾಡಲು ವೇಳೆ ಇರಲಿಲ್ಲ. ಕೆಂಪು ಮಸಿಯ ಹಾಳೆಗಳೇ ಕಚೇರಿಗೆ ಹೋದವು, ಅವುಗಳ ಮೇಲೆಯೇ ಮೊಹರು ಬಿತ್ತು. ಹೀಗೆ ನನ್ನ ಅಂಚಿನ ಮಾತುಗಳೂ ಮಂಜೂರಾದವು. ಇದರ ಪರಿಣಾಮ ಏನಾದೀತೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ನಮ್ಮ ಹೆಣ್ಣುಮಕ್ಕಳ ಶಾಲೆಯ ದೊಡ್ಡ ಕೋಣೆಯಲ್ಲಿ ವಾಚನ ಆರಂಭವಾಯಿತು. ನನ್ನನ್ನು ಅಧ್ಯಕ್ಷೆಯೆಂದು ಕುರ್ಚಿಯಲ್ಲಿ ಕೂರಿಸಿದರು. ನನ್ನ ತಲೆಯ ಮೇಲೆಯೇ ಮುಖ್ಯೋಪಾಧ್ಯಾಯಿನಿಯರ ಹೆಸರಿನ ಹಲಗೆ; ಅದರಲ್ಲಿ ನನ್ನ ಹೆಸರಿರುವುದನ್ನು ನೀನು ನೋಡಿದ್ದೀಯೆ. ಮೊದಲನೆಯ ನಾಟಕ ಒಬ್ಬ ಜಿಪುಣ ದಲಾಲಿಯದು. ಓದುವ ಹುಡುಗ ಅಮೀನ ಸಾಹೇಬರ ಕಡೆಗೊಂದು ಕಣ್ಣು ಇಟ್ಟುಕೊಂಡು, ಒಂದಕ್ಷರವೂ ಬಿಡಬಾರದೆಂಬ ಭಯದಲ್ಲಿ, “ಹಾಗಾದರೆ ನಡೆಯಿರಿ, ಸಂತೆಗೆ ಹೋಗೋಣ, ಇಲ್ಲಿ ವಾಕ್ಯ ಸಡಿಲವಾಗಿದೆ” ಎಂದು ಓದಿಬಿಟ್ಟ. ಜನ ನಕ್ಕರು, ದಲಾಲಿಯ ಮಾತೇ ಇರಬೇಕೆಂದುಕೊಂಡರು. ನಾನು ಎದ್ದು ತಡೆಯಬೇಕೆಂದಿದ್ದೆ, ಅಷ್ಟರಲ್ಲಿ ಅಮೀನ ಸಾಹೇಬರು “ಬರೋಬ್ಬರಿ ಐತಿ, ಓದು” ಎಂದು ತಲೆಯಾಡಿಸಿದರು. ಅಂಚನ್ನು ಬಿಟ್ಟು ಓದಿರೆಂದು ಹೇಳಿದರೆ ಮೊಹರಿನ ಹಾಳೆಯಲ್ಲಿರುವುದನ್ನು ಬಿಟ್ಟಂತಾಗುತ್ತದೆ, ಸಭೆ ನಿಲ್ಲುತ್ತದೆ. ಸುಮ್ಮನೆ ಕುಳಿತೆ. ಎರಡನೆಯ ನಾಟಕವೂ ಹಾಗೆಯೇ ಮುಗಿಯಿತು. ಜನ ನನ್ನ ಪೂರ್ಣವಿರಾಮಗಳಿಗೂ ಚಪ್ಪಾಳೆ ತಟ್ಟಿದರು.

ಮೂರನೆಯದು ಆನೆಗೊಂದಿಯ ಹಳೆಯ ಅರಮನೆಯ ಕಥೆ. ರಾಜಕುಮಾರಿಗೆ ಹಾಡು ಕಲಿಸುವ ಒಬ್ಬ ಗುರುಮಾತೆ. ರಾಜಕುಮಾರಿ ಸ್ಪರ್ಧೆಯಲ್ಲಿ ಗೆಲ್ಲದಿದ್ದರೆ ಗುರುಮಾತೆಯ ಗಾನಶಾಲೆ ಮುಚ್ಚಿಹೋಗುತ್ತದೆ. ಸ್ಪರ್ಧೆಯ ದಿನ ರಾಜಕುಮಾರಿಗೆ ಜ್ವರ. ಅರಮನೆಯ ಹೆಂಗಸರು ತೆರೆಯ ಹಿಂದೆ ಕುಳಿತು ಹಾಡುವವರಾದ್ದರಿಂದ ಗುರುಮಾತೆ ತನ್ನ ಸ್ವಂತ ತಂಗಿಯನ್ನು ತೆರೆಯ ಹಿಂದೆ ಕೂರಿಸುತ್ತಾಳೆ. ತಂಗಿ ಹಾಡುತ್ತಾಳೆ, ರಾಜಕುಮಾರಿ ಗೆಲ್ಲುತ್ತಾಳೆ, ಶಾಲೆ ಉಳಿಯುತ್ತದೆ.

ಕಳಕಮ್ಮಾ, ಇದನ್ನು ಇಲ್ಲಿ ಬರೆಯುತ್ತಿರುವಾಗ ಬೆಟ್ಟದಷ್ಟು ಸ್ಪಷ್ಟವಾಗಿದೆ. ಆದರೆ ಇದೇ ಕಥೆಯನ್ನು ನಾನು ಎಂಟು ದಿನ ಕೈಯಲ್ಲಿ ಹಿಡಿದುಕೊಂಡು ತಿದ್ದಿದೆ. ನನಗೆ ಕಾಣಲಿಲ್ಲ. ನನ್ನ ಕಣ್ಣು ವಾಕ್ಯದಲ್ಲಿತ್ತು. ಕರ್ತೃ ಎಲ್ಲಿ, ಕರ್ಮ ಎಲ್ಲಿ ಎಂದು ನೋಡಿದೆನೇ ಹೊರತು ಅದು ಯಾರ ಕರ್ಮವೆಂದು ನೋಡಲಿಲ್ಲ. ಚಾರಿತ್ರಿಕ ವಸ್ತು, ಚೆನ್ನಾಗಿದೆ ಎಂದುಕೊಂಡೆ. ಗುರುಮಾತೆಯ ಮಾತುಗಳು ಒರಟಾಗಿದ್ದವು, ಅವನ್ನು ಹದಗೊಳಿಸಿದೆ. ಆಕೆಯ ಬಾಯಿಗೆ ಇನ್ನೂ ಒಳ್ಳೆಯ ಕನ್ನಡ ಕೊಟ್ಟೆ.

ಗುರುಮಾತೆಯ ಪಾತ್ರವನ್ನು ಓದಿದವನು ಹೊಳಿಯಪ್ಪ; ಆನೆಗೊಂದಿಯ ಹುಡುಗ, ಈಗಷ್ಟೇ ದನಿ ಒಡೆದಿದೆ. ಅವನು ನನ್ನನ್ನು ಅಣಕಿಸಲಿಲ್ಲ, ಅದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಒಂದೊಂದು ಶಬ್ದವನ್ನೂ ಬಿಡಿಸಿ, ನಿಧಾನವಾಗಿ ಓದಿದ. ಕೊನೆಯ ದೃಶ್ಯದಲ್ಲಿ ತಂಗಿ ಬಂದು, ಅಕ್ಕಾ, ಈ ವರ್ಷವಾದರೂ ನನ್ನ ಹೆಸರಿನಲ್ಲಿ ನಾನು ಹಾಡಲೇ ಎಂದು ಕೇಳುತ್ತಾಳೆ. ಹೊಳಿಯಪ್ಪ ಓದಿದ: “ಬೇಡ. ಒಂದೇ ಕಂಠ ಎರಡು ಹೆಸರಿನಲ್ಲಿ ಕೇಳಿಸಿದರೆ ಗುರುತು ಸಿಗುತ್ತದೆ. ನೀನು ಹಾಡುವುದನ್ನು ಮರೆತುಬಿಡು.”

ಆ ಮಾತನ್ನು ನಾನು ಹಾಳೆಯಲ್ಲಿ ಹತ್ತು ಸಲ ಓದಿದ್ದೆ. ಕಿವಿಗೆ ಬಿದ್ದದ್ದು ಅದೇ ಮೊದಲು. ಬಿದ್ದೊಡನೆ ನನಗೆ ಅಡುಗೆಮನೆ ಕಂಡಿತು. ಒಲೆಯ ಪಕ್ಕದಲ್ಲಿ ನಾನು ತೊಗರಿಬೇಳೆ ಆರಿಸುತ್ತ ಕುಳಿತದ್ದು, ನೀನು ಸೆರಗಿನಲ್ಲಿ ಅರ್ಜಿಯ ಕಾಗದ ಮುಚ್ಚಿಕೊಂಡು ನಿಂತದ್ದು, ನಿನ್ನ ಸೊಂಟದ ಮೇಲೆ ನಾಲ್ಕು ವರ್ಷದ ಕೊಟ್ರಪ್ಪ ಇದ್ದದ್ದು. ನಾನು ತಲೆಯೆತ್ತದೆ ಹೇಳಿದ್ದೆ. ಕಂಠ ಎಂದಿರಲಿಲ್ಲ, ಅಕ್ಷರ ಎಂದಿದ್ದೆ. “ಒಂದ ಅಕ್ಷರ ಎರಡು ಹೆಸರಿನಾಗ ಬಂದ್ರ ಗುರ್ತು ಸಿಗತೈತಿ. ಪರೀಕ್ಷೆ ಮರತುಬಿಡು.” ನಾನು ಈ ಮಾತನ್ನು ಆಡಿದ್ದೇನೆಂಬುದೇ ನನಗೆ ಮರೆತುಹೋಗಿತ್ತು. ಹದಿಮೂರು ವರ್ಷ. ನಿನಗೆ ಮರೆತಿರಲಿಲ್ಲ.

ಈ ಆಘಾತದ ಅಂಚಿಗೇ ಇನ್ನೊಂದು ಕಾದಿತ್ತು. ಹೊಳಿಯಪ್ಪ ಉಸಿರು ತೆಗೆದುಕೊಂಡು ಅದೇ ದನಿಯಲ್ಲಿ ಮುಂದುವರಿಸಿದ: “ಇಂಥ ಕಠಿಣಹೃದಯದ ಗುರು ಎಲ್ಲಿಯೂ ಇರುವುದಿಲ್ಲ. ಪಾತ್ರ ಅಸಹಜ. ತಿದ್ದಿ ಬರೆಯಬೇಕು. ಪಾ.” ಅದು ನಾನು ಅಂಚಿನಲ್ಲಿ ಬರೆದ ಅಭಿಪ್ರಾಯ. ನನ್ನ ಹೆಸರಿನ ಮೊದಲಕ್ಷರವನ್ನೂ ಬಿಡದೆ ಓದಿದ ಆ ಹುಡುಗ. ಹಿಂದಿನ ಸಾಲಿನವರು ಎಂದಿನಂತೆ ನಕ್ಕರು. ಆಗ ಹೆಂಗಸರ ನಡುವಿನಿಂದ ಹಸನಬೀಯ ದನಿ ಕೇಳಿತು. ನಮ್ಮ ಶಾಲೆಯ ಆಯಾ ಹಸನಬೀ. ಪರೀಕ್ಷೆಯ ದಿನ ಪರದೆಯ ಬಾಯಲ್ಲಿ ಕುಳಿತು ಪ್ರಶ್ನೆಯ ಕಾಗದವನ್ನು ಒಳಗೆ, ಉತ್ತರದ ಕಾಗದವನ್ನು ಹೊರಗೆ ಕೊಟ್ಟವಳು. ಪಾಪ, ಆಕೆಗೆ ಕಿವಿ ಮಂದ, ತನ್ನ ಮಾತು ಮೆಲ್ಲಗಿದೆ ಎಂದೇ ಆಕೆಯ ನಂಬಿಕೆ. “ಅಯ್ಯ, ಇದು ನಮ್ಮ ಕಳಕವ್ವನ ಇಮ್ತಿಹಾನದ ಕತಿ ಅಲ್ಲೇನ್ರೀ ಅಕ್ಕೋರ? ಹಾಡು ಅಂತ ಯಾಕ ಬರದಾರ?” ಕೋಣೆಗೆ ಕೋಣೆಯೇ ನನ್ನ ಕಡೆಗೆ ತಿರುಗಿತು. ಆಗಲೇ ಕನ್ನಡಕ ಬಿದ್ದದ್ದು. ಅಮೀನ ಸಾಹೇಬರು ಗಾಬರಿಯಿಂದ ಎದ್ದು, “ಈ ಮುದುಕಿ ಅಂದದ್ದು ಕಾಗದದಾಗ ಐತೇನು?” ಎಂದು ಮಾಸ್ತರರನ್ನು ಕೇಳಿದರು.

ನೆಲದ ಮೇಲೆ ಕನ್ನಡಕಕ್ಕಾಗಿ ತಡಕಾಡುತ್ತಿದ್ದಾಗ ನನಗೆ ನೆನಪಾದದ್ದು ಮಾನವಲ್ಲ, ಸಭೆಯಲ್ಲ, ನಿನ್ನ ಹೋದ ತಿಂಗಳ ಕಾಗದ. ಯಲಬುರ್ಗಿಯಲ್ಲಿ ಹೊಸ ಹೆಣ್ಣುಮಕ್ಕಳ ಶಾಲೆ ತೆರೆಯುತ್ತಾರೆ, ಕನ್ನಡ ಕಲಿಸುವವರು ಬೇಕಾಗಿದ್ದಾರೆ, ಅಕ್ಕಾ, ನೀನು ಶಾಲೆಗಳ ಮೇಲಧಿಕಾರಿ ಮುಹತಮೀಮ ಸಾಹೇಬರಿಗೆ ಒಂದು ಮಾತು ಬರೆಯಬಹುದೇ ಎಂದು ಕೇಳಿದ್ದೆ. ನಾನು ಉತ್ತರ ಬರೆದೆ. ಬರೆದ ಪ್ರತಿಯೊಂದು ಕಾಗದದ ನಕಲನ್ನು ಇಟ್ಟುಕೊಳ್ಳುವ ನನ್ನ ಅಭ್ಯಾಸ ನಿನಗೆ ಗೊತ್ತು. ಮನೆಗೆ ಬಂದು ತೆಗೆದು ನೋಡಿದೆ. “ಮಿಡ್ಲ್ ಪರೀಕ್ಷೆಯ ಪ್ರಮಾಣಪತ್ರ ಇಲ್ಲದವರಿಗೆ ಈ ಹುದ್ದೆ ದೊರೆಯಲಾರದು. ನಿಯಮವನ್ನು ತಂಗಿಗಾಗಿ ಬಾಗಿಸುವವಳು ನಾನಲ್ಲ. ಓದುವ ಕಾಲದಲ್ಲಿ ಓದಬೇಕಾಗಿತ್ತು.” ಓದುವ ಕಾಲದಲ್ಲಿ ಓದಬೇಕಾಗಿತ್ತು! ನಿನಗೆ, ನಾನು! ಆ ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ, ಕಳಕಮ್ಮಾ. ಅಕ್ಷರಗಳು ಮುತ್ತಿನಂತಿವೆ. ನೀನು ಅದನ್ನು ಓದಿದೆ, ಮಡಿಸಿಟ್ಟೆ, ತಿರುಗಿ ಒಂದು ಮಾತೂ ಬರೆಯಲಿಲ್ಲ. ಮಗ ಊರಿಗೆ ಬಂದಾಗ ಕಾಗದ ಅವನ ಕೈಗೆ ಸಿಕ್ಕಿತಂತೆ. ದೊಡ್ಡವ್ವ ಯಾಕೆ ಹೀಗೆ ಬರೆದಳೆಂದು ಅವನು ಕೇಳಿದ್ದಕ್ಕೆ ನೀನು ಎಲ್ಲವನ್ನೂ ಹೇಳಿದೆಯಂತೆ. ಅವನು ಅದನ್ನು ನಾಟಕ ಮಾಡಿ, ಆನೆಗೊಂದಿಯ ಅರಮನೆಯನ್ನು ಕಟ್ಟಿ, ತಿದ್ದಲು ನನ್ನ ಮನೆಗೇ ಬರುವಂತೆ ಮಾಡಿದ. ನಾನು ತಿದ್ದುವಾಗ ಎದುರಿಗೆ ಕುಳಿತು ನನ್ನ ಕೈಯ ರೊಟ್ಟಿ ತಿಂದ.

ನಾನು ಎದ್ದು ನಿಂತೆ. ಹೀಗೆ ಹೇಳಿದೆ, ಇದಕ್ಕಿಂತ ಹೆಚ್ಚಲ್ಲ, ಕಡಿಮೆಯಲ್ಲ: “ಇದನ್ನು ಬರೆದವರು ನಡೆದದ್ದನ್ನು ಬರೆದಿದ್ದಾರೆ. ಅದು ಹಾಡಲ್ಲ, ಫಸಲಿ ಸಾವಿರದ ಮುನ್ನೂರ ನಲವತ್ತೊಂದರ, ಅಂದರೆ ಹದಿನಾಲ್ಕು ವರ್ಷದ ಹಿಂದಿನ, ಮಿಡ್ಲ್ ಪರೀಕ್ಷೆ. ಆ ವರ್ಷ ಒಬ್ಬ ಹುಡುಗಿಯಾದರೂ ಪಾಸಾಗದಿದ್ದರೆ ಈ ಶಾಲೆಯನ್ನು ಮುಚ್ಚುತ್ತಿದ್ದರು. ಇದ್ದವಳು ಒಬ್ಬಳೇ, ಆಕೆಗೆ ಜ್ವರ ಬಂತು. ಪರದೆಯ ಹಿಂದೆ ನಾನು ನನ್ನ ತಂಗಿ ಕಳಕಮ್ಮನನ್ನು ಕೂರಿಸಿದೆ. ಮರುವರ್ಷ ಆಕೆ ತನ್ನ ಹೆಸರಿನಲ್ಲಿ ಕೂರುತ್ತೇನೆಂದಾಗ ಪರೀಕ್ಷಕರು ಅವರೇ ಇದ್ದರು, ಅಕ್ಷರ ಗುರುತಿಸಿಯಾರೆಂದು ನಾನು ಬಿಡಲಿಲ್ಲ.” ಅಮೀನ ಸಾಹೇಬರು ಕೈ ಎತ್ತಿದರು: “ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ, ಮಂಜೂರಾದ ಕಾಗದದಾಗ ಇಲ್ಲದ್ದು ಆಡಬಾರದು.” ನಾನು ಹೇಳಿದೆ: “ಅಂಚಿನಲ್ಲಿ ನನ್ನ ಅಭಿಪ್ರಾಯವಿದೆ, ಅದರ ಮೇಲೆ ನಿಮ್ಮ ಮೊಹರಿದೆ. ಅಭಿಪ್ರಾಯ ತಪ್ಪಾಗಿತ್ತು. ತಿದ್ದುತ್ತಿದ್ದೇನೆ.” ಅವರು ಮಾಸ್ತರರನ್ನು ನೋಡಿದರು, ಮಾಸ್ತರರು ಸೂರನ್ನು ನೋಡಿದರು, ಅಮೀನ ಸಾಹೇಬರು ಕುಳಿತುಕೊಂಡರು.

ಆ ಜ್ವರದ ಹುಡುಗಿ ಯಾರೆಂದು ನಾನು ಹೇಳಿರಲಿಲ್ಲ. ಹೇಳುವ ಅಗತ್ಯವೂ ಉಳಿಯಲಿಲ್ಲ. ಶಾಲೆಗೆ ಜಾಗ ಕೊಟ್ಟವರ ಮಗಳು ಕಸ್ತೂರೆಮ್ಮ ಗಂಗಾವತಿಯಿಂದ ಬಂದು ಎರಡನೆಯ ಸಾಲಿನಲ್ಲಿಯೇ ಕುಳಿತಿದ್ದಳು. ಎದ್ದಳು. ಅವಳ ಮೋರೆ ಕೆಂಪಾಗಿತ್ತು, ಅಳುತ್ತಾಳೆಂದುಕೊಂಡೆ. “ನಾನರೀ ಅದು. ನಮ್ಮತ್ತಿ ಆ ಸರ್ಟಿಫಿಕೇಟಿಗೆ ಕಟ್ಟು ಹಾಕ್ಸಿ, ಗ್ವಾಡಿಗೆ ತೂಗಹಾಕಿ, ದಿನಾ ಊದಿನಕಡ್ಡಿ ಹಚ್ಚತಾರ. ಸೊಸಿ ಕಲ್ತಾಕಿ ಅಂತ ಬೀಗರಿಗೆಲ್ಲಾ ತೋರಸ್ತಾರ. ಯಾರರ ಒಂದು ಲೆಕ್ಕ ಕೇಳಿದ್ರ ನನ್ನ ಎದಿ ಧಸ್ ಅಂತಿತ್ತು. ಇವತ್ತು ಮನಿಗೆ ಹೋಗಿ ಮೊದ್ಲ ಅದನ್ನ ಇಳಸ್ತೀನಿ” ಎಂದಳು. ಜನಕ್ಕೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನಾನು ಆ ಹುಡುಗಿಗೂ ಒಂದು ಸುಳ್ಳನ್ನು ಹೊರಿಸಿ ಗಂಡನ ಮನೆಗೆ ಕಳಿಸಿದ್ದೆನೆಂದು ಆವರೆಗೆ ನನಗೆ ಹೊಳೆದಿರಲೇ ಇಲ್ಲ.

ಮನೆಗೆ ಬಂದರೆ ಕೊಟ್ರಪ್ಪ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ಬೋರ್ಡಿಂಗಿಗೆ ಹೋಗುವೆನೆಂದ. ಊಟ ಮಾಡಿ ಹೋಗು ಎಂದೆ. ಕುಳಿತ, ತುತ್ತು ಎತ್ತಲಿಲ್ಲ. ನಿಮ್ಮ ಅವ್ವನಿಗೆ ನನ್ನ ಮೇಲೆ ಇಷ್ಟು ಸಿಟ್ಟಿತ್ತೇ ಎಂದು ಕೇಳಿದೆ. “ಆಕಿಗೆ ಸಿಟ್ಟಿಲ್ಲ ದೊಡ್ಡವ್ವ. ಅದಕ್ಕ ನನಗ ಬಂತು” ಎಂದ. ಹದಿನೇಳರ ಹುಡುಗ. ಐವತ್ತೈದರ ನಾನು ಅವನ ತಟ್ಟೆಗೆ ಬೆಣ್ಣೆ ಹಾಕಿದೆ. “ನಿನ್ನ ನಾಟಕದಲ್ಲಿ ನಾನು ಒಂದು ಕಡೆ ತಿದ್ದಿದ್ದು ತಪ್ಪಾಗಿತ್ತು” ಎಂದೆ. “ಒಂದ ಕಡೆ?” ಎಂದ. ಆಮೇಲೆ ರೊಟ್ಟಿ ಮುರಿದ. ಟ್ರಂಕಿನ ಹಗ್ಗವನ್ನು ಮರುದಿನ ನಾನೇ ಬಿಚ್ಚಿದೆ.

ಕ್ಷಮಿಸು ಎಂದು ಬರೆಯಬೇಕೆಂದು ನಾಲ್ಕು ದಿನದಿಂದ ಕುಳಿತಿದ್ದೇನೆ. ಬರೆದರೆ ಅದು ಆಜ್ಞೆಯಂತೆ ಕಾಣುತ್ತದೆ. ನಿನಗೆ ಆಜ್ಞೆ ಮಾಡಿ ಮಾಡಿ ಇಲ್ಲಿಗೆ ಬಂದಿದ್ದೇನೆ. ಆದ್ದರಿಂದ ಅದನ್ನು ಬರೆಯದೆ ಬಿಟ್ಟಿದ್ದೇನೆ, ಬರೆಯದಿರುವುದನ್ನು ನೀನು ಗರ್ವವೆಂದು ತಿಳಿಯಬಾರದು. ಶಾಲೆ ಉಳಿಯಬೇಕಿತ್ತು ಎಂಬ ಸಮಾಧಾನ ನನ್ನ ಬಾಯಿಗೆ ಬರುತ್ತದೆ. ಉಳಿದ ಶಾಲೆಯಲ್ಲಿ ಇನ್ನೂರು ಹುಡುಗಿಯರು ಓದಿದರು, ಅದು ನಿಜ. ಅವರಲ್ಲಿ ನೀನಿರಲಿಲ್ಲ, ಅದೂ ನಿಜ.

ನಿನ್ನ ಮನೆಯ ಹಿರಿಯರಿಗೆ ನನ್ನ ಶರಣು. ನಿನಗೆ ನಾನು ಈಗ ಆಶೀರ್ವಾದ ಮಾಡುವ ಸ್ಥಾನದಲ್ಲಿದ್ದೇನೋ ಇಲ್ಲವೋ ತಿಳಿಯದು. ಹಿರಿಯಳಾದುದಕ್ಕೆ ಮಾಡುತ್ತಿದ್ದೇನೆ, ಬೇಡವೆನಿಸಿದರೆ ಇಟ್ಟುಕೊಳ್ಳಬೇಡ.

ನಿನ್ನ ಅಕ್ಕ,
ಪಾರ್ವತೆಮ್ಮ

ತಾ.ಕ. ಮಧ್ಯಾಹ್ನದ ಮೋಟಾರಿಗೆ ರಾಜಾಸಾಬ ಮಾಸ್ತರರು ಯಲಬುರ್ಗಿಗೆ ಹೊರಟಿದ್ದಾರೆ, ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಸೋಮವಾರ ನಾನು ಮುಹತಮೀಮ ಸಾಹೇಬರನ್ನು ಕಂಡು ನಡೆದದ್ದೆಲ್ಲವನ್ನೂ ಬರೆದ ಹೇಳಿಕೆಯನ್ನು ಕೈಗೆ ಕೊಟ್ಟೆ. ಹಳೆಯ ಉತ್ತರದ ಕಾಗದಗಳನ್ನು ಸುಟ್ಟಿದ್ದಾರಂತೆ, ಹಾಗಾಗಿ ಆ ಪಾಸನ್ನು ನಿನ್ನ ಹೆಸರಿಗೆ ಬರೆಯಲು ಬರುವುದಿಲ್ಲ. ಹಲಗೆಯಿಂದ ನನ್ನ ಹೆಸರನ್ನು ಅಳಿಸುತ್ತಾರೆ; ನಾನು ಒಪ್ಪಿ ರುಜು ಹಾಕಿದ್ದೇನೆ. ಆದರೆ ಈ ವರ್ಷ ಮಾರ್ಚಿನ ಪರೀಕ್ಷೆಗೆ ನೀನು ಖಾಸಗಿಯಾಗಿ ಕೂರಬಹುದು, ಯಲಬುರ್ಗಿಯ ಹುದ್ದೆಯನ್ನು ಫಲಿತಾಂಶ ಬರುವವರೆಗೆ ತುಂಬುವುದಿಲ್ಲ ಎಂದು ಬಾಯಿಮಾತಿನಲ್ಲಲ್ಲ, ಬರೆದು ಕೊಟ್ಟಿದ್ದಾರೆ. ಅರ್ಜಿ ಇದರೊಡನೆ ಇದೆ. ಒಂದಕ್ಷರವನ್ನೂ ನಾನು ತುಂಬಿಲ್ಲ. ನಿನ್ನ ಅಕ್ಷರದಲ್ಲಿ ನೀನೇ ತುಂಬಿ ಮಾಸ್ತರರ ಕೈಯಲ್ಲಿ ನಾಳೆಯೇ ಕಳಿಸು, ಶನಿವಾರ ಕಡೆಯ ದಿನ. ಕೂರುವುದೂ ಬಿಡುವುದೂ ನಿನ್ನ ಇಷ್ಟ. ನನ್ನ ಹೇಳಿಕೆಯ ಕೆಳಗೆ, ಶುಕ್ರವಾರ ಹಾಜರಿದ್ದು ನನ್ನ ಮಾತನ್ನು ಕಿವಿಯಾರೆ ಕೇಳಿದವರ ರುಜುಗಳಿವೆ, ನಿನ್ನ ಮಾತು ಸುಳ್ಳೆಂದು ಯಾರೂ ಅನ್ನದಿರಲೆಂದು ಅವರ ಹೆಸರುಗಳನ್ನು ಇಳಿಸುತ್ತೇನೆ: ರಾಜಾಸಾಬ, ಡ್ರಾಯಿಂಗ್ ಮಾಸ್ತರ. ಹಸನಬೀ, ಹೆಬ್ಬೆರಳಿನ ಗುರುತು. ಕಸ್ತೂರೆಮ್ಮ, ಗಂಗಾವತಿ. ಹೊಳಿಯಪ್ಪ, ಆನೆಗೊಂದಿ. ಮುದಿಯಪ್ಪ ಮತ್ತು ಗವಿಸಿದ್ದಪ್ಪ, ಮೊದಲೆರಡು ನಾಟಕ ಬರೆದವರು. ರಜಿಯಾಬೇಗಂ, ಅಮೀನ ಸಾಹೇಬರ ಮನೆಯವರು. ಸಾಹೇಬರು ತಾವು ಹಾಕುವಂತಿಲ್ಲವೆಂದು ಅವರಿಂದ ಹಾಕಿಸಿದರು. ಅನ್ನಮ್ಮ, ಈಗಿನ ಮುಖ್ಯೋಪಾಧ್ಯಾಯಿನಿ. ಕೊಟ್ರಪ್ಪ, ಕಳಕಮ್ಮನ ಮಗ; ತಂದೆಯ ಹೆಸರಿಗೆ ಬಿಟ್ಟ ಜಾಗದಲ್ಲಿ ಅವನು ಹೀಗೆಯೇ ಬರೆದಿದ್ದಾನೆ.